ಮನೆಯಲ್ಲಿ ಶುಂಠಿ ಬಿಯರ್: ಯಾವಾಗ ನಿಲ್ಲಿಸಬೇಕು

ಬಿಯರ್ ಅನ್ನುವ ಹೆಸರು ನೋಡಿ ಮಾಲ್ಟು, ಹಾಪ್ಸು ಅಂತ ಲೆಕ್ಕ ಹಾಕಿಕೊಂಡು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇವತ್ತು ಬಾರ್ಲಿಯ ಮಾತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇಂದಿರಾನಗರದಲ್ಲಿ, ಕೋರಮಂಗಲದಲ್ಲಿ ಅಲ್ಲೇ ಕಾಯಿಸಿ ಅಲ್ಲೇ ಬಡಿಸುವ ಪಬ್‌ಗಳಿಗೆ ಲೈಸೆನ್ಸ್ ಇದೆ, ನಮ್ಮ ಅಡುಗೆಮನೆಗೆ ಇಲ್ಲ. ಹಾಗಾಗಿ ಇವತ್ತಿನದು ಶುಂಠಿ ಬಿಯರ್. ಶುಂಠಿ, ಸಕ್ಕರೆ, ನಿಂಬೆಹಣ್ಣು, ನೀರು. ಸೋಡಾ ಬೆರೆಸಿದ್ದಲ್ಲ, ಅನಿಲ ಒಳಗೇ ಹುಟ್ಟಬೇಕು.

ಇದರಲ್ಲಿ ಮದ್ಯಾಂಶ ಪೂರ್ತಿ ಸೊನ್ನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಯೀಸ್ಟ್ ಸಕ್ಕರೆ ತಿಂದಾಗ ಅನಿಲದ ಜೊತೆಗೇ ಆಲ್ಕೋಹಾಲ್ ಹುಟ್ಟುತ್ತದೆ, ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ. ಬೇಗ ನಿಲ್ಲಿಸಿದರೆ ಶೇಕಡ ಅರ್ಧದ ಆಸುಪಾಸು. ಮರೆತು ಬಿಟ್ಟರೆ ಅಂಗಡಿಯ ಬಿಯರಿನಷ್ಟೇ, ಶೇಕಡ 5. ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಮದ್ಯಯುಕ್ತ ಪಾನೀಯದ ಗೆರೆ ಇರುವುದು ಶೇಕಡ 0.5ಕ್ಕೆ. ನಮ್ಮ ಗುರಿ ಆ ಗೆರೆಯ ಹತ್ತಿರವೇ ನಿಲ್ಲುವುದು. ಆದರೂ ಮನೆಯಲ್ಲಿ ಅದನ್ನು ಅಳೆಯಲು ಆಗುವುದಿಲ್ಲವಾದ್ದರಿಂದ ಮಕ್ಕಳಿಗೆ, ಬಸುರಿಯರಿಗೆ, ಕುಡಿತ ಬಿಟ್ಟವರಿಗೆ, ವ್ರತ ನಿಯಮ ಇರುವವರಿಗೆ ‘ಬರೀ ಜ್ಯೂಸು’ ಅಂತ ಹೇಳಿ ಕೊಡಬೇಡಿ.

ಹುದುಗು ಬರಿಸುವುದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲಿ ದೋಸೆ ಹಿಟ್ಟು ರಾತ್ರಿ ಹತ್ತಕ್ಕೆ ರುಬ್ಬಿಟ್ಟರೆ ಬೆಳಗಿನ ಜಾವಕ್ಕೆ ಪಾತ್ರೆ ದಾಟಿ ಕಟ್ಟೆಗೆ ಇಳಿದಿರುತ್ತದೆ, ಡಿಸೆಂಬರ್‌ನಲ್ಲಿ ಅದೇ ಹಿಟ್ಟು ಬೆಳಿಗ್ಗೆ ಎಂಟಾದರೂ ಕದಲುವುದಿಲ್ಲ. ಇದು ಗೊತ್ತಿದ್ದರೆ ಅರ್ಧ ವಿದ್ಯೆ ಬಂದ ಹಾಗೆ. ಉಳಿದ ಅರ್ಧ ನಿಲ್ಲಿಸುವುದರಲ್ಲಿದೆ. ದೋಸೆ ಹಿಟ್ಟು ಉಕ್ಕಿದರೆ ಕಟ್ಟೆ ಒರೆಸಬೇಕಷ್ಟೆ, ಮುಚ್ಚಳ ಬಿಗಿದ ಗಾಜಿನ ಬಾಟಲಿಗೆ ಹಾಗಲ್ಲ. ಅದಕ್ಕೇ ಇವತ್ತು ರುಚಿಗಿಂತ ಹೆಚ್ಚು ಮಾತು ಒತ್ತಡದ ಬಗ್ಗೆ ಇರುತ್ತದೆ.

ಮೊದಲು ಹೆಪ್ಪು. ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಒಂದು ಬೇಕು. ಶುಂಠಿ ಸಿಪ್ಪೆಯ ಮೇಲೆ ಕಾಡು ಯೀಸ್ಟ್ ಇರುತ್ತದೆ, ಹುಳಿ ಬರಿಸುವ ಬ್ಯಾಕ್ಟೀರಿಯಾವೂ ಇರುತ್ತದೆ. ಅವುಗಳಿಗೆ ಉಣಿಸಿ ಸಾಕುವುದೇ ಕೆಲಸ. ಒಂದು ಲೀಟರಿನ ಗಾಜಿನ ಜಾಡಿ ತೆಗೆದುಕೊಳ್ಳಿ. ಉಪ್ಪಿನಕಾಯಿ ಹಾಕಿದ್ದ ಜಾಡಿ ಬೇಡ, ಮುಚ್ಚಳದ ಎಣ್ಣೆ, ಇಂಗಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಅದಕ್ಕೆ ಕುದಿಸಿ ಆರಿಸಿದ ನೀರು 400 ಮಿಲಿಲೀಟರ್, ಸಿಪ್ಪೆ ಸಮೇತ ತುರಿದ ಶುಂಠಿ 25 ಗ್ರಾಂ, ಸಕ್ಕರೆ 25 ಗ್ರಾಂ. ಕಲಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಆಮೇಲೆ ದಿನಾ ಒಂದು ಹೊತ್ತು ಗೊತ್ತು ಮಾಡಿಕೊಂಡು ಶುಂಠಿ 12 ಗ್ರಾಂ, ಸಕ್ಕರೆ 12 ಗ್ರಾಂ ಹಾಕಿ ಕಲಕಬೇಕು. ಊಟದ ದೊಡ್ಡ ಚಮಚದಲ್ಲಿ ಮಟ್ಟವಾಗಿ ಒಂದೊಂದು ಅಂದುಕೊಳ್ಳಿ. ಬಿಡುವಾದಾಗಲೆಲ್ಲ ಇನ್ನೊಮ್ಮೆ ಕಲಕಿದರೆ ಮೇಲೆ ಬೂಷ್ಟು ಹಿಡಿಯುವುದಿಲ್ಲ.

ಎರಡನೇ ದಿನದ ಗುಳ್ಳೆಯನ್ನು ನಂಬಬೇಡಿ. ಅದು ಹೆಚ್ಚಿನಂಶ ಬ್ಯಾಕ್ಟೀರಿಯಾದ ಕೆಲಸ. ಮೂರನೇ ದಿನ ಎಲ್ಲ ತಣ್ಣಗಾದಂತೆ ಕಾಣುತ್ತದೆ, ತುಂಬಾ ಜನ ಅಲ್ಲಿಗೇ ಕೆಟ್ಟಿತು ಅಂತ ಚೆಲ್ಲಿಬಿಡುತ್ತಾರೆ. ನೀರು ಸ್ವಲ್ಪ ಹುಳಿಯಾದ ಮೇಲೆಯೇ ಯೀಸ್ಟ್ ಮೇಲುಗೈ ಪಡೆಯುವುದು. ನಾಲ್ಕರಿಂದ ಏಳು ದಿನ ಕೊಡಿ. ಉಣಿಸಿದ ಎರಡು ಮೂರು ಗಂಟೆಯೊಳಗೆ ಶುಂಠಿ ತುರಿಯೆಲ್ಲ ಮೇಲೆ ತೇಲಿ, ಅಂಚಿನಲ್ಲಿ ನೊರೆ ಕಟ್ಟಿ, ಜಾಡಿಗೆ ಕಿವಿ ಇಟ್ಟರೆ ಒಗ್ಗರಣೆ ಆರುತ್ತಿರುವ ಹಾಗೆ ಸಣ್ಣ ಸದ್ದು ಕೇಳಬೇಕು. ಆಗ ಸಿದ್ಧ. ಆ ಸದ್ದು ಜೋರಾಗಿರುವ ಹೊತ್ತಿನಲ್ಲೇ ಬಳಸಬೇಕು, ಮಾರನೇ ದಿನ ಹಸಿದು ಮಲಗಿರುವಾಗ ಅಲ್ಲ.

ನೀರಿನ ವಿಷಯ. ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು, ಯೀಸ್ಟನ್ನು ಮಾತ್ರ ಬಿಡು ಅಂದರೆ ಕೇಳುತ್ತದೆಯೇ? ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ, ರಾತ್ರಿಯೇ ಆರಲು ಬಿಡಿ. ನಮ್ಮ ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿರುವುದರಿಂದ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ, ನೂರಕ್ಕಲ್ಲ. ಥರ್ಮಾಮೀಟರ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೋಗಬೇಡಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಕ್ಲೋರಿನ್ ತೊಂದರೆ ಕಡಿಮೆ ಇರಬಹುದು, ಗಡಸುತನದ ತೊಂದರೆ ಹೆಚ್ಚು. ಆ ಸುಣ್ಣದಂಶ ನಿಂಬೆಯ ಹುಳಿಯನ್ನು ನುಂಗಿಹಾಕುತ್ತದೆ. ಅಂಥ ನೀರಿಗೆ ಒಂದೆರಡು ನಿಂಬೆಹಣ್ಣು ಹೆಚ್ಚು ಹಿಂಡಿ. ಫಿಲ್ಟರ್‌ನ ಆರ್‌ಒ ನೀರೂ ಆಗುತ್ತದೆ.

ಶುಂಠಿ ಹಾಸನ, ಕೊಡಗು, ಶಿವಮೊಗ್ಗ ಕಡೆಯಿಂದ ನಮಗೆ ಧಾರಾಳವಾಗಿ ಬರುತ್ತದೆ. ಗಾಂಧಿ ಬಜಾರ್, ಕೆ.ಆರ್. ಮಾರುಕಟ್ಟೆ ಎಲ್ಲಿಯಾದರೂ ಸರಿ, ಹೊಸ ಶುಂಠಿಯೋ ಹಳೆಯದೋ ಅಂತ ನೋಡಿ ಕೊಳ್ಳಿ. ಸಿಪ್ಪೆ ತೆಳ್ಳಗಿದ್ದು, ಉಗುರಿನಲ್ಲಿ ಕೆರೆದರೆ ಎದ್ದು ಬರುವ ಎಳೆಯದು ಹೊಸದು. ಅದರಲ್ಲಿ ರಸ ಹೆಚ್ಚು, ಖಾರ ಕಡಿಮೆ. ನಾರು ಬಲಿತ, ಸಿಪ್ಪೆ ಒಣಗಿದ ಹಳೆಯದಕ್ಕೆ ಖಾರ ಹೆಚ್ಚು. ಹೆಪ್ಪಿಗೆ ಯಾವುದಾದರೂ ನಡೆಯುತ್ತದೆ, ಪಾನಕಕ್ಕೆ ಹಳೆಯದೇ ಚೆನ್ನ. ಥಳಥಳ ಹೊಳೆಯುವ ಹಾಗೆ ತೊಳೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಶುಂಠಿಗಿಂತ ಮಣ್ಣು ಮೆತ್ತಿದ ಶುಂಠಿಯನ್ನು ನೀವೇ ಲಘುವಾಗಿ ತೊಳೆದುಕೊಳ್ಳುವುದು ಮೇಲು. ಸಿಪ್ಪೆ ಹೆರೆದರೆ ಹೆಪ್ಪಿಗೆ ಬೇಕಾದ ಜೀವವೇ ಹೋಗುತ್ತದೆ.

ಈಗ ಕಾಯಿಸುವುದು. ನಾಲ್ಕು ಲೀಟರಿಗೆ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಶುಂಠಿ 250 ಗ್ರಾಂ, ಸಕ್ಕರೆ 320 ಗ್ರಾಂ, ನಿಂಬೆಹಣ್ಣು ಆರು, ಅಂದರೆ ರಸ 100 ಮಿಲಿಲೀಟರ್ ಹತ್ತಿರ. ಸೋಸಿದ ಹೆಪ್ಪಿನ ನೀರು 200 ಮಿಲಿಲೀಟರ್. ಉಪ್ಪು ಒಂದು ಚಿಟಿಕೆ. ಒಂದೂವರೆ ಲೀಟರ್ ನೀರಿಗೆ ಜಜ್ಜಿದ ಶುಂಠಿ ಹಾಕಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಅರ್ಧ ಗಂಟೆ, ಮುಕ್ಕಾಲು ಗಂಟೆ ಕುದಿಸಿದರೆ ಹೆಚ್ಚು ಖಾರ ಬರುತ್ತದೆ ಅಂದುಕೊಳ್ಳುವವರಿದ್ದಾರೆ. ಆಗುವುದು ತಿರುಗಾಮುರುಗಾ. ಹಸಿ ಶುಂಠಿಯ ಖಾರ ಇರುವುದು ಜಿಂಜರಾಲ್ ಎಂಬ ವಸ್ತುವಿನಲ್ಲಿ, ಕುದಿಸಿದಷ್ಟೂ ಅದು ಮೆತ್ತಗಿನ ಜಿಂಜರೋನ್ ಆಗಿ ಮಾರ್ಪಡುತ್ತದೆ. ಪರಿಮಳವಂತೂ ಹಬೆಯ ಜೊತೆ ಹೋಗಿಬಿಡುತ್ತದೆ. ಇನ್ನೂ ಖಾರ ಬೇಕೆನ್ನುವವರು 50 ಗ್ರಾಂ ಶುಂಠಿಯನ್ನು ಎತ್ತಿಟ್ಟುಕೊಂಡು, ಒಲೆ ಆರಿಸಿದ ಮೇಲೆ ಅದರ ಹಸಿ ರಸ ಹಿಂಡಿ.

ಒಲೆ ಆರಿಸಿ ಸಕ್ಕರೆ, ಉಪ್ಪು ಕರಗಿಸಿ. ರಾತ್ರಿಯೇ ಕುದಿಸಿ ಆರಿಸಿಟ್ಟ ಎರಡೂವರೆ ಲೀಟರ್ ನೀರನ್ನು ಇದಕ್ಕೆ ಬೆರೆಸಿದರೆ ಕಾವು ಬೇಗ ಇಳಿಯುತ್ತದೆ. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ ಹುಳಿಗೆ ಆಗದು. ಪಾತ್ರೆಯ ಹೊರಗೆ ಅಂಗೈ ಒತ್ತಿದರೆ ಬಿಸಿ ಅನ್ನಿಸಲೇಬಾರದು, ಅಲ್ಲಿವರೆಗೆ ಕಾಯಿರಿ. 40 ಡಿಗ್ರಿ ದಾಟಿದ ನೀರಿಗೆ ಹೆಪ್ಪು ಸುರಿದರೆ ಯೀಸ್ಟ್ ನರಳುತ್ತದೆ, 50 ದಾಟಿದರೆ ಸಾಯುತ್ತದೆ. ಆರಿದ ಮೇಲೆ ನಿಂಬೆರಸ, ಆಮೇಲೆ ಹೆಪ್ಪು, ಆಮೇಲೆ ತೆಳು ಬಟ್ಟೆಯಲ್ಲಿ ಸೋಸುವುದು. ಟೀ ಜರಡಿ ಸಾಲದು. ಒಳಗೆ ಉಳಿದ ಒಂದೊಂದು ನಾರೂ ಗುಳ್ಳೆ ಹುಟ್ಟುವ ಜಾಗವಾಗುತ್ತದೆ, ಮುಚ್ಚಳ ತೆಗೆದಾಗ ಅರ್ಧ ಬಾಟಲಿ ನೊರೆಯಾಗಿ ಚೆಲ್ಲುವುದಕ್ಕೆ ಮುಖ್ಯ ಕಾರಣ ಅದೇ.

ನಿಂಬೆರಸ ರುಚಿಗೆ ಮಾತ್ರ ಅಂತ ತಿಳಿದು ಕಡಿಮೆ ಮಾಡಬೇಡಿ. ಮೊದಲ ದಿನದಿಂದಲೇ ನೀರು ಹುಳಿಯಾಗಿದ್ದರೆ ಕೆಡಿಸುವ ಜೀವಿಗಳು ತಲೆ ಎತ್ತುವುದಿಲ್ಲ. ಪಿಎಚ್ ಕಾಗದ ಇದ್ದರೆ ಅದ್ದಿ ನೋಡಿ, 4ಕ್ಕಿಂತ ಕೆಳಗಿರಬೇಕು. ಸಿಪ್ಪೆ ಸಮೇತ ಹೋಳು ಹಾಕಿದರೆ ಮಾತ್ರ ಕಹಿ.

ಮಸಾಲೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಏಲಕ್ಕಿ, ಕಾಳುಮೆಣಸು ಧಾರಾಳವಾಗಿ ಹಾಕಿ. ಲವಂಗ, ಚಕ್ಕೆ ಮೊದಲ ಸಲ ಬೇಡ, ಅವುಗಳ ಎಣ್ಣೆ ಯೀಸ್ಟನ್ನು ತಡೆಯುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಬಹುದು, ಚೆನ್ನಾಗೇ ಇರುತ್ತದೆ. ಆದರೆ ಬೆಲ್ಲದಲ್ಲಿರುವ ಖನಿಜಾಂಶ ಯೀಸ್ಟಿಗೆ ಪುಷ್ಟಿ ಕೊಟ್ಟು ಹುದುಗು ಸಕ್ಕರೆಗಿಂತ ಜೋರಾಗಿ ಬರುತ್ತದೆ, ಬಾಟಲಿಯನ್ನು ಬೇಗ ಬೇಗ ನೋಡುತ್ತಿರಬೇಕು. ಕಪ್ಪು ಬೆಲ್ಲ ಆರಿಸಿ. ಹಳದಿಗೆ ಹೊಳೆಯುವ ಬೆಲ್ಲಕ್ಕೆ ಬಣ್ಣ ತೆಗೆಯಲು ಹೈಡ್ರೋಸ್ ಹಾಕಿರುವ ಸಾಧ್ಯತೆ ಇದೆ. ಬೆಲ್ಲವನ್ನು ಕರಗಿಸಿ ತಿಳಿ ಬಸಿದುಕೊಳ್ಳಿ, ತಳದಲ್ಲಿ ಮರಳು ಇರುತ್ತದೆ. ಸ್ಟೀವಿಯಾ ಹಾಕಬಹುದೇ ಅಂತ ಸಕ್ಕರೆ ಕಾಯಿಲೆ ಇರುವವರು ಕೇಳುತ್ತಾರೆ. ಸಿಹಿ ಬರುತ್ತದೆ, ಗುಳ್ಳೆ ಬರುವುದಿಲ್ಲ. ಯೀಸ್ಟಿಗೆ ಅದು ಊಟವಲ್ಲ.

ಇನ್ನು ಬಾಟಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ.

ಒಂದು ಲೀಟರಿನಲ್ಲಿ ಯೀಸ್ಟ್ 4 ಗ್ರಾಂ ಸಕ್ಕರೆ ತಿಂದರೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಅಂಗಡಿಯ ಕೋಲಾದಲ್ಲಿ ಲೀಟರಿಗೆ ನಾಲ್ಕು ಲೀಟರಿನಷ್ಟು ಅನಿಲ ಅಡಗಿರುತ್ತದೆ. ನಾವು ಹಾಕಿರುವುದು ಲೀಟರಿಗೆ 80 ಗ್ರಾಂ ಸಕ್ಕರೆ. ಅಷ್ಟನ್ನೂ ತಿನ್ನಲು ಬಿಟ್ಟರೆ 20 ಲೀಟರ್ ಅನಿಲ, ಅಂದರೆ ಕೋಲಾದ ಐದು ಪಟ್ಟು, ಒಂದೇ ಬಾಟಲಿಯೊಳಗೆ. ಯಾವ ಗಾಜೂ ತಡೆಯುವುದಿಲ್ಲ. ನಮಗೆ ಬೇಕಾದದ್ದು ಎರಡು ಲೀಟರ್ ಅನಿಲ, ಅದಕ್ಕೆ ಖರ್ಚಾಗುವುದು 8 ಗ್ರಾಂ ಸಕ್ಕರೆ. ಉಳಿದ 72 ಗ್ರಾಂ ಸಿಹಿಯಾಗಿ ನಿಮ್ಮ ನಾಲಿಗೆಗೆ. ಅಂದರೆ ಹತ್ತರಲ್ಲಿ ಒಂದು ಪಾಲು ತಿಂದ ಕೂಡಲೇ ಯೀಸ್ಟಿನ ಮುಂದಿನಿಂದ ಎಲೆ ಎತ್ತಬೇಕು. ಹಾಗಾದರೆ ಸಕ್ಕರೆಯನ್ನೇ 8 ಗ್ರಾಂ ಹಾಕೋಣ ಅಂದರೆ ಅನಿಲ ಬರುತ್ತದೆ, ಸಿಹಿ ಉಳಿಯುವುದಿಲ್ಲ. ಬರೀ ಖಾರ, ಹುಳಿ.

ಆದ್ದರಿಂದ ಹೊಸಬರಿಗೆ ಗಾಜು ಬೇಡವೇ ಬೇಡ. ಸೋಡಾ ಅಥವಾ ಕೋಲಾ ಬರುವ ಪ್ಲಾಸ್ಟಿಕ್ ಬಾಟಲಿ, ತಳದಲ್ಲಿ ಐದು ಉಬ್ಬು ಕಾಲಿರುವಂಥದ್ದು, ಒತ್ತಡಕ್ಕೆಂದೇ ಮಾಡಿದ್ದು. ನೀರಿನ ಬಾಟಲಿ ಅಲ್ಲ, ಅದು ತೆಳು. ಅಲಂಕಾರದ ಅಂಗಡಿಯಲ್ಲಿ ಸಿಗುವ ತಂತಿ ಮುಚ್ಚಳದ ಚೌಕ ಗಾಜಿನ ಬಾಟಲಿ ನೋಡಲು ಬಲು ಚೆಂದ, ಅಪಾಯಕ್ಕೂ ಅದೇ ಮೊದಲು. ಒತ್ತಡವೆಲ್ಲ ಮೂಲೆಗಳಿಗೆ ಹೋಗಿ ಕೂರುತ್ತದೆ. ಗೋಲಿ ಸೋಡಾ ಬಾಟಲಿ ಆಗುವುದಿಲ್ಲವೇ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. 1872ರಲ್ಲಿ ಹಿರಾಮ್ ಕಾಡ್ ಎಂಬ ಇಂಗ್ಲೆಂಡಿನವರು ಪೇಟೆಂಟ್ ಪಡೆದ ಜಾಣ ವಿನ್ಯಾಸ ಅದು. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತದೆ. ಆದರೆ ಅದಕ್ಕೆ ಯಂತ್ರದಲ್ಲಿ ತಲೆಕೆಳಗು ಮಾಡಿ ಒತ್ತಡದಲ್ಲಿ ಅನಿಲ ತುಂಬುತ್ತಾರೆ. ನಮ್ಮ ಪಾನಕದಲ್ಲಿ ಅನಿಲ ಹುಟ್ಟುವವರೆಗೆ ಗೋಲಿಯನ್ನು ಮೇಲೆ ಹಿಡಿದಿಡುವವರು ಯಾರು? ಮೇಲಾಗಿ ಗಾಜು ಯಾವುದೇ ಆಗಲಿ, ಒಳಗೆ ಎಷ್ಟು ಒತ್ತಡವಿದೆ ಅಂತ ಬಾಯಿ ಬಿಡುವುದಿಲ್ಲ. ಪ್ಲಾಸ್ಟಿಕ್ ಹೇಳುತ್ತದೆ.

ಅದು ಹೇಳುವುದು ಹೀಗೆ. ಬಾಟಲಿಯನ್ನು ತುಂಬಿ, ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಜಾಗ ಬಿಡಿ. ಸೊಂಟ ಹಿಚುಕಿ ಆ ಗಾಳಿಯನ್ನೆಲ್ಲ ಹೊರಗೆ ಹಾಕಿ, ಹಿಚುಕಿದ ಹಾಗೇ ಮುಚ್ಚಳ ಬಿಗಿಯಿರಿ. ಬಾಟಲಿ ತಗ್ಗು ಬಿದ್ದು ನಿಲ್ಲುತ್ತದೆ. ಅನಿಲ ಹುಟ್ಟಿದ ಹಾಗೆ ಆ ತಗ್ಗು ತಾನೇ ತುಂಬಿಕೊಂಡು ಬಾಟಲಿ ಮೊದಲಿನ ಆಕಾರಕ್ಕೆ ಬರುತ್ತದೆ, ಆಮೇಲೆ ಗಟ್ಟಿಯಾಗಲು ಶುರು. ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಗಾಳಿ ತುಂಬಿದ ಸೈಕಲ್ ಟೈರಿನಷ್ಟು ಗಟ್ಟಿಯಾದ ಗಳಿಗೆಯಲ್ಲಿ ಫ್ರಿಜ್ಜಿಗೆ ಹೋಗಬೇಕು. ‘ಇನ್ನೊಂದು ರಾತ್ರಿ ಇರಲಿ, ಚೆನ್ನಾಗಿ ಬರಲಿ’ ಅನ್ನುವ ಮಾತೇ ಇಲ್ಲ.

ಎಷ್ಟು ಹೊತ್ತು ಬೇಕು ಅಂದರೆ ಗಡಿಯಾರದ ಲೆಕ್ಕ ಕೊಡುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಮನೆಯೊಳಗೆ 30 ಡಿಗ್ರಿ ಇರುವಾಗ ಹದಿನೆಂಟು ಗಂಟೆಗೇ ಗಟ್ಟಿಯಾಗಬಹುದು. ಡಿಸೆಂಬರ್, ಜನವರಿಯಲ್ಲಿ 20 ಡಿಗ್ರಿ ಸುತ್ತ ಇರುವಾಗ ಎರಡು ದಿನ, ಮೂರು ದಿನ. ಬೇಸಿಗೆಯಲ್ಲಿ ಬೆಳಿಗ್ಗೆ ತುಂಬಿಟ್ಟು ಆಫೀಸಿಗೆ ಹೋಗಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು ಶನಿವಾರವೇ ಈ ಕೆಲಸ ಮಾಡಿಕೊಳ್ಳಿ. ಅಟ್ಟದ ಮೇಲೆ ಇಡಬೇಡಿ, ಸೀಲಿಂಗಿನ ಕೆಳಗೆ ಬಿಸಿ ಹೆಚ್ಚು, ಕಣ್ಣಿಗೂ ಬೀಳುವುದಿಲ್ಲ. ದಿನಾ ಓಡಾಡುವಾಗ ಕೈಗೆ ಸಿಗುವ ಕಡೆ, ಬಿಸಿಲು ಬೀಳದ ಕಡೆ, ಒಂದು ಬಕೆಟ್ಟಿನೊಳಗೆ ನಿಲ್ಲಿಸಿ.

ಅಡುಗೆಮನೆಯಲ್ಲಿ ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡುವ ಗಾಜಿನ ಕೊಳವೆ, ಇಟ್ಟುಕೊಂಡು ಅಳೆಯುವವರೂ ಇದ್ದಾರೆ. ಬಾರ್ಲಿ ಬಿಯರಿಗೆ ಅದು ಬೇಕೇ ಬೇಕು. ಇಲ್ಲಿ ಶುರುವಿನಲ್ಲಿ 1.031 ಹತ್ತಿರ ತೋರಿಸುವ ಆ ಕೊಳವೆ, 8 ಗ್ರಾಂ ಸಕ್ಕರೆ ಹೋದ ಮೇಲೆ ಇಳಿಯುವುದು ಮೂರು ನಾಲ್ಕು ಗೆರೆ ಮಾತ್ರ. ಎರಡು ಗುಳ್ಳೆ ಅಂಟಿಕೊಂಡರೆ ಅಷ್ಟು ತಪ್ಪು ತಾನಾಗಿ ಬರುತ್ತದೆ. ಹೆಬ್ಬೆರಳೇ ವಾಸಿ.

ಫ್ರಿಜ್ಜಿನಲ್ಲಿಟ್ಟ ಮಾರನೇ ದಿನ ಬಾಟಲಿ ಮೆತ್ತಗಾಗಿರುತ್ತದೆ. ಅನಿಲ ಸೋರಿಹೋಯಿತು ಅಂತ ಹೊರಗೆ ತೆಗೆದು ಮತ್ತೆ ಒಂದು ದಿನ ಇಡುವವರಿದ್ದಾರೆ, ಅನಾಹುತ ಶುರುವಾಗುವುದೇ ಅಲ್ಲಿಂದ. ಅನಿಲ ಎಲ್ಲೂ ಹೋಗಿಲ್ಲ, ನೀರೊಳಗೆ ಕರಗಿದೆ. 20 ಡಿಗ್ರಿಯ ನೀರಿಗಿಂತ ಸೊನ್ನೆ ಡಿಗ್ರಿಯ ನೀರು ಹೆಚ್ಚುಕಡಿಮೆ ಎರಡರಷ್ಟು ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ತೆರೆಯುವ ಮುಂಚೆ ಕನಿಷ್ಠ ಹನ್ನೆರಡು ಗಂಟೆ ಫ್ರಿಜ್ಜಿನಲ್ಲಿರಬೇಕು. ಸ್ನೇಹಿತರ ಮನೆಗೆ ಸ್ಕೂಟರ್ ಡಿಕ್ಕಿಯಲ್ಲಿ ಒಯ್ಯುವವರು ಮಂಜುಗಡ್ಡೆಯ ಜೊತೆ ಒಯ್ಯಿರಿ, ಹೋದ ಕೂಡಲೇ ತೆರೆಯಬೇಡಿ.

ಫ್ರಿಜ್ ಹುದುಗನ್ನು ನಿಧಾನಿಸುತ್ತದೆ, ಕೊಲ್ಲುವುದಿಲ್ಲ. ಎರಡು ದಿನಕ್ಕೊಮ್ಮೆ ಬಾಟಲಿ ಒತ್ತಿ ನೋಡಿ, ಗಟ್ಟಿಯೆನಿಸಿದರೆ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ ಉಸ್ ಅನ್ನಿಸಿ ಮತ್ತೆ ಬಿಗಿಯಿರಿ. ಒಂದು ವಾರದೊಳಗೆ ಕುಡಿದು ಮುಗಿಸಿ. ಮಳೆಗಾಲದಲ್ಲಿ ಕರೆಂಟು ನಾಲ್ಕೈದು ಗಂಟೆ ಹೋದರೆ ಮೊದಲು ನೋಡಬೇಕಾದದ್ದು ಹಾಲಿನ ಪಾಕೆಟ್ಟನ್ನಲ್ಲ, ಇದನ್ನು.

ಕೆಡುವುದರ ಬಗ್ಗೆ. ಹೆಚ್ಚು ಬರುವ ದೂರು, ಗುಳ್ಳೆಯೇ ಇಲ್ಲ ಅನ್ನುವುದು. ಮೊದಲು ಮುಚ್ಚಳ ನೋಡಿ, ಹಲವು ಸಲ ತೆರೆದ ಮುಚ್ಚಳ ಸೋರುತ್ತದೆ. ಬಾಟಲಿಯನ್ನು ನೀರಲ್ಲಿ ಮುಳುಗಿಸಿ ಹಿಚುಕಿದರೆ ಗೊತ್ತಾಗುತ್ತದೆ. ಸೋರದಿದ್ದರೆ ಹೆಪ್ಪು ಹಸಿದಿತ್ತು, ಅಥವಾ ಪಾನಕ ಬಿಸಿಯಿತ್ತು. ಚಳಿಗಾಲವಾದರೆ ಇನ್ನೊಂದು ದಿನ ಕಾಯಿರಿ, ಅಷ್ಟೆ.

ಎರಡನೆಯದು ಲೋಳೆ. ಗ್ಲಾಸಿಗೆ ಬಗ್ಗಿಸಿದರೆ ಎಣ್ಣೆಯ ಹಾಗೆ, ಇನ್ನೂ ಕೆಟ್ಟರೆ ಬೆಂಡೆಕಾಯಿ ನೀರಿನ ಹಾಗೆ ಎಳೆ ಎಳೆಯಾಗಿ ಬೀಳುತ್ತದೆ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾಗಳೇ ಇದಕ್ಕೂ ಕಾರಣ. ಅವಕ್ಕೆ ಸಕ್ಕರೆ ಸಿಕ್ಕಿದರೆ ಡೆಕ್ಸ್‌ಟ್ರಾನ್ ಎಂಬ ಅಂಟು ನೇಯುತ್ತವೆ. ಕುಡಿದರೆ ಅಪಾಯವಿಲ್ಲ, ಕುಡಿಯಲು ಮನಸ್ಸು ಬರುವುದಿಲ್ಲ. ಹೆಪ್ಪಿನಲ್ಲಿ ಯೀಸ್ಟ್ ಸೋತು ಬ್ಯಾಕ್ಟೀರಿಯಾ ಗೆದ್ದಿದೆ ಅಂತ ಇದರ ಅರ್ಥ. ಹೆಪ್ಪಿಗೆ ನಿಂಬೆರಸ ಒಂದು ಚಮಚ ಹಾಕಿ, ಸಕ್ಕರೆ ಅರ್ಧ ಮಾಡಿ, ಮೂರು ದಿನ ಉಣಿಸಿ ನೋಡಬಹುದು. ಸರಿಹೋಗದಿದ್ದರೆ ಎಸೆದು ಹೊಸದು ಮಾಡಿ, ಹೋಗುವುದು ಒಂದು ತುಂಡು ಶುಂಠಿ.

ಮೇಲೆ ಬಿಳಿ ಪೊರೆ, ತೆಳ್ಳಗೆ ಸುಕ್ಕು ಸುಕ್ಕಾಗಿ ಕಂಡರೆ ಅದು ಗಾಳಿಗೆ ಬರುವ ಯೀಸ್ಟ್, ತೆಗೆದುಹಾಕಿ ಮುಂದುವರಿಯಿರಿ. ಹತ್ತಿಯಂತೆ ಎದ್ದು ನಿಂತು, ಹಸಿರು, ಕಪ್ಪು, ಗುಲಾಬಿ ಚುಕ್ಕೆ ಇದ್ದರೆ ಬೂಷ್ಟು. ಮೇಲಿನದನ್ನು ಎತ್ತಿ ಹಾಕಿ ಉಳಿದದ್ದನ್ನು ಬಳಸುವ ಜಿಪುಣತನ ಬೇಡ, ಜಾಡಿಯಲ್ಲಿದ್ದುದೆಲ್ಲ ಚರಂಡಿಗೆ. ಉಗುರು ಬಣ್ಣದ ವಾಸನೆ ಬಂದರೆ ಬಿಸಿ ಹೆಚ್ಚಾಗಿದೆ, ಜಾಡಿಯನ್ನು ತಂಪಾದ ಜಾಗಕ್ಕೆ ಸರಿಸಿ. ವಿನೆಗರ್ ವಾಸನೆಯಾದರೆ ಹೆಪ್ಪಿಗೆ ವಯಸ್ಸಾಗಿದೆ.

ಹೆಪ್ಪಿನ ರಗಳೆಯೇ ಬೇಡ, ಬ್ರೆಡ್ಡಿಗೆ ಹಾಕುವ ಇನ್‌ಸ್ಟಂಟ್ ಯೀಸ್ಟ್ ಹಾಕಬಾರದೇ ಅಂದರೆ, ಹಾಕಬಹುದು. ನಾಲ್ಕು ಲೀಟರಿಗೆ ಟೀ ಚಮಚದ ಎಂಟನೇ ಒಂದು ಭಾಗ, ಎರಡು ಬೆರಳಿನಲ್ಲಿ ಎತ್ತಿದಷ್ಟು. ಪ್ಯಾಕೆಟ್ಟಿನಿಂದ ಅಂದಾಜಿಗೆ ಸುರಿದರೆ ಬೇಸಿಗೆಯಲ್ಲಿ ಎಂಟು ಹತ್ತು ಗಂಟೆಗೇ ಬಾಟಲಿ ಕಲ್ಲಾಗುತ್ತದೆ. ರುಚಿಯಲ್ಲಿ ಬೇಕರಿಯ ವಾಸನೆ ಸ್ವಲ್ಪ ಉಳಿಯುತ್ತದೆ. ಒಂದು ಸಲ ಇದರಲ್ಲಿ ಮಾಡಿ ಒತ್ತಡದ ಅಂದಾಜು ಕಲಿತುಕೊಂಡು, ಆಮೇಲೆ ಹೆಪ್ಪಿಗೆ ಬಂದರೂ ತಪ್ಪೇನಿಲ್ಲ.

ಹೆಪ್ಪು ಬಳಸಿದ ಮೇಲೆ ತೆಗೆದಷ್ಟು ನೀರು ಹಾಕಿ, ಉಣಿಸಿ, ಒಂದು ದಿನ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಿ. ಮುಚ್ಚಳ ಸಡಿಲವಾಗಿರಲಿ. ವಾರಕ್ಕೊಮ್ಮೆ ಒಂದೊಂದು ಚಮಚ ಉಣಿಸಿದರೆ ಸಾಕು. ಜಾಡಿಯಲ್ಲಿ ಶುಂಠಿ ತುಂಬಿಕೊಂಡಾಗ ಅರ್ಧ ತುರಿ ತೆಗೆದುಬಿಡಿ. ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೂ ಸಾಯುವುದಿಲ್ಲ, ಎರಡು ದಿನ ಹೊರಗಿಟ್ಟು ಉಣಿಸಿದರೆ ಮತ್ತೆ ಸದ್ದು ಮಾಡುತ್ತದೆ. ಕುದಿಸಿ ಸೋಸಿದ ಶುಂಠಿ ಚರಟವನ್ನು ಎಸೆಯಬೇಡಿ. ಖಾರ ಇನ್ನೂ ಉಳಿದಿರುತ್ತದೆ, ಬಿಸಿಲಲ್ಲಿ ಗರಿಗರಿ ಒಣಗಿಸಿ ಪುಡಿ ಮಾಡಿಟ್ಟರೆ ಬೆಳಗಿನ ಕಷಾಯಕ್ಕಾಗುತ್ತದೆ.